ಎಲ್ಲ ಬೆಟ್ಟಕ್ಕೂ ರಸ್ತೆ ಬೇಕೇ?

ಶಾಲೆಯ ಪ್ರವಾಸದ ಮಾತು ಬಂದಾಗಲೆಲ್ಲ ನಮ್ಮ ವಿದ್ಯಾರ್ಥಿಗಳು ಮೊದಲು ಕೇಳುವ ಪ್ರಶ್ನೆ ಒಂದೇ: “ಸಾರ್, ಬಸ್ಸು ಮೇಲಿನ ತನಕ ಹೋಗುತ್ತಾ?” ಪೋಷಕರೂ ಅದನ್ನೇ ಕೇಳುತ್ತಾರೆ, ಸ್ವಲ್ಪ ಗಂಭೀರವಾಗಿ. ಹೋಗುವುದಿಲ್ಲ ಎಂದರೆ ಆ ಸ್ಥಳ ಪಟ್ಟಿಯಿಂದ ಬಿದ್ದುಹೋಗುತ್ತದೆ. ಮಕ್ಕಳ ಕ್ಷೇಮದ ದೃಷ್ಟಿಯಿಂದ ಇದು ಸರಿಯೆನಿಸಬಹುದು. ಆದರೆ ಬಸ್ಸು ಹೋಗದ ಸ್ಥಳ ನೋಡಲು ಯೋಗ್ಯವೇ ಅಲ್ಲ ಎಂಬ ಭಾವನೆ ಇದರಿಂದ ಮೆಲ್ಲಮೆಲ್ಲಗೆ ಬೆಳೆಯುತ್ತಿದೆ. ಅದರ ಮುಂದಿನ ಮೆಟ್ಟಿಲು, ಬಸ್ಸು ಹೋಗದ ಕಡೆಗೆಲ್ಲ ರಸ್ತೆ ಕಡಿಸಬೇಕೆಂಬ ಬೇಡಿಕೆ. ಈ ಬೇಡಿಕೆಯನ್ನು ನಾನು ಎರಡು ಸಲ ಹತ್ತಿ ಇಳಿದ ಒಂದು ಬೆಟ್ಟವನ್ನು ಮುಂದಿಟ್ಟುಕೊಂಡು ವಿಚಾರ ಮಾಡಬೇಕೆಂದಿದ್ದೇನೆ.

ಆ ಬೆಟ್ಟ ಇರುವುದು ತಮಿಳುನಾಡಿನ ಗೂಡಲೂರಿನ ಮೇಲೆ. ಗೂಡಲೂರು ಎಂದೊಡನೆ ನಮ್ಮವರಿಗೆ ಊಟಿಯ ದಾರಿಯ ಗೂಡಲೂರು ನೆನಪಿಗೆ ಬರುತ್ತದೆ. ಇದು ಅದಲ್ಲ. ಇದು ತೇನಿ ಜಿಲ್ಲೆಯ ಗೂಡಲೂರು. ಕಂಬಂ ಕಣಿವೆಯ ತುತ್ತತುದಿಯ ಊರು. ಇಲ್ಲಿಂದ ಮುಂದೆ ಲೋಯರ್ ಕ್ಯಾಂಪ್, ಅಲ್ಲಿಂದ ಘಾಟಿ ಹತ್ತಿದರೆ ಕೇರಳದ ಕುಮಳಿ. ಕಣಿವೆಯ ತುಂಬ ಭತ್ತದ ಗದ್ದೆ, ತೆಂಗು, ಬಾಳೆ, ಚಪ್ಪರದ ಮೇಲೆ ದ್ರಾಕ್ಷಿ. ಅಲ್ಲಿನ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿತು. ವರ್ಷವೆಲ್ಲ ಹಣ್ಣು ಬಿಡುವ ದ್ರಾಕ್ಷಿ ಎಂಬುದು ಅದರ ಹೆಚ್ಚುಗಾರಿಕೆ.

ಇನ್ನೊಂದು ಹೆಚ್ಚುಗಾರಿಕೆ ನಮಗೆ ಸಂಬಂಧಪಟ್ಟದ್ದು. ಆ ಕಣಿವೆಯಲ್ಲಿ ತಲೆತಲಾಂತರದಿಂದ ಮನೆಯೊಳಗೆ ಕನ್ನಡವಾಡುವ ಒಕ್ಕಲುಮಕ್ಕಳಿದ್ದಾರೆ. ಕಾಪಿಲಿಯರು, ಅನುಪ್ಪರು ಎಂದು ಅವರನ್ನು ಕರೆಯುತ್ತಾರೆ. ಎಂದೋ ಕನ್ನಡ ನಾಡಿನಿಂದ ದಕ್ಷಿಣಕ್ಕೆ ಸರಿದು ಬಂದವರು. ಓದು ಬರಹ ತಮಿಳಿನಲ್ಲಿ, ಅಡುಗೆಮನೆಯ ಮಾತು ಕನ್ನಡದಲ್ಲಿ. ನನ್ನ ಗೆಳೆಯ ಅಂಥ ಒಂದು ಮನೆಯವನು. ಯೌವನದಲ್ಲಿ ಬೆಂಗಳೂರಿನ ಒಂದೇ ಕೊಠಡಿಯಲ್ಲಿ ನಾವಿಬ್ಬರೂ ಎರಡು ವರ್ಷ ಕಳೆದೆವು. ಅವನು ಮಿಲ್ಲಿನಲ್ಲಿ ಕೆಲಸಕ್ಕಿದ್ದ, ನಾನು ಓದುತ್ತಿದ್ದೆ. ಅವನಾಡುವ ಕನ್ನಡವನ್ನು ಕೇಳಿ ಮೊದಲು ನಕ್ಕವರೆಲ್ಲ, ಅವನಿಗೆ ಕನ್ನಡದ ಒಂದಕ್ಷರವೂ ಓದಲು ಬಾರದೆಂದು ತಿಳಿದಾಗ ಸುಮ್ಮನಾದರು. ನಾಡು ಬಿಟ್ಟು ಇಷ್ಟು ದೂರದಲ್ಲಿ, ಶಾಲೆಯಿಲ್ಲದೆ, ಪುಸ್ತಕವಿಲ್ಲದೆ, ಬರೀ ತಾಯಂದಿರ ಬಾಯಿಂದ ಒಂದು ಭಾಷೆ ಶತಮಾನಗಳನ್ನು ದಾಟಿ ಉಳಿದಿದೆಯಲ್ಲ! ಶಾಲೆ, ಪುಸ್ತಕ ಎರಡೂ ಇರುವ ನಾವು ಈ ಬಗ್ಗೆ ಸ್ವಲ್ಪ ಯೋಚಿಸಬಹುದು. ಅದಿರಲಿ.

ಈ ಜನ ದನಗಳನ್ನು ಸಾಕುವುದರಲ್ಲಿ ಹೆಸರಾದವರು. ಕಂಬದಲ್ಲಿ ಅವರ ಒಂದು ದೇವರ ಹಿಂಡಿದೆ. 1906ರಲ್ಲಿ ಪ್ರಕಟವಾದ ಮಧುರೆ ಜಿಲ್ಲೆಯ ಗೆಝೆಟಿಯರಿನಲ್ಲಿ ಫ್ರಾನ್ಸಿಸ್ ಎಂಬ ಇಂಗ್ಲಿಷ್ ಅಧಿಕಾರಿ ಇದರ ವಿಷಯ ಬರೆದಿದ್ದಾನೆ. ತಮಿಳಿನಲ್ಲಿ ಅದು ತಂಬಿರಾನ್ ಮಾಡು. ಈ ಜನರ ಬಾಯಲ್ಲಿ ‘ದೇವರ ಆವು’. ಹಿಂಡಿನ ಮುಂದಾಳು ಹೋರಿಗೆ ‘ಪಟ್ಟದ ಆವು’. ಆವು ಎಂಬುದು ನಮ್ಮ ಹಳಗನ್ನಡ ಪಾಠಗಳಲ್ಲಿ ಬರುವ ಶಬ್ದ. ಹತ್ತನೆಯ ತರಗತಿಯ ಹುಡುಗರು ಅದರ ಅರ್ಥ ಬರೆಯಲು ತಿಣುಕುತ್ತಾರೆ. ಕಂಬದ ದೊಡ್ಡಿಯಲ್ಲಿ ಅದು ಬಳಕೆಯ ಮಾತಾಗಿತ್ತು. ಹಳೆಯ ಪಟ್ಟದ ಹೋರಿ ಸತ್ತರೆ ಹಿಂಡಿನ ಮುಂದೆ ಕಬ್ಬು ಇಟ್ಟು, ಅದಕ್ಕೆ ಮೊದಲು ಬಾಯಿ ಹಾಕಿದ ಹೋರಿಗೆ ಪಟ್ಟ ಕಟ್ಟುವ ಪದ್ಧತಿಯನ್ನೂ ಅದರಲ್ಲಿ ಹೇಳಿದೆ. ಬೆಟ್ಟದ ವಿಷಯಕ್ಕೆ ದನದ ಕಥೆಯೇಕೆ ಎಂದು ಕೇಳಬೇಡಿ. ಈ ಬೆಟ್ಟಗಳ ಕಾಲುದಾರಿಗಳಲ್ಲಿ ಅನೇಕವನ್ನು ಮನುಷ್ಯ ಮಾಡಿದ್ದಲ್ಲ, ಮಲೆಗೆ ಮೇಯಲು ಹೋಗುವ ದನ ಮಾಡಿದ್ದು ಎಂದು ಗೆಳೆಯನ ಅಜ್ಜ ಹೇಳುತ್ತಿದ್ದರಂತೆ. ದನ ನೇರವಾಗಿ ಏರುವುದಿಲ್ಲ. ಅಡ್ಡಡ್ಡವಾಗಿ, ಉಸಿರು ಕಟ್ಟದ ಹಾಗೆ, ನೆರಳು ಹುಡುಕುತ್ತ ಏರುತ್ತದೆ. ದಾರಿ ಕಟ್ಟುವವರು ಅದರಿಂದ ಕಲಿಯಬೇಕಾದದ್ದಿದೆ.

ಇನ್ನು ಬೆಟ್ಟಕ್ಕೆ ಬರೋಣ. ಗೂಡಲೂರಿನ ಮೇಲಿನ ಸಾಲಿನ ನೆತ್ತಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,337 ಮೀಟರು ಎತ್ತರದಲ್ಲಿ, ಕಲ್ಲಿನ ಒಂದು ಪುರಾತನ ಗುಡಿಯಿದೆ. ತಮಿಳರಿಗೆ ಅದು ಕಣ್ಣಗಿಯ ಗುಡಿ, ಮಲೆಯಾಳಿಗಳಿಗೆ ಮಂಗಳಾದೇವಿ. ಕಣ್ಣಗಿಯ ಕಥೆಯನ್ನು ನೀವು ಕೇಳಿದ್ದೀರಿ. ನಿರಪರಾಧಿಯಾದ ಗಂಡ ಕೋವಲನನ್ನು ಪಾಂಡ್ಯ ರಾಜ ಕಳ್ಳನೆಂದು ಕೊಲ್ಲಿಸಿದ. ಕಾಲಂದುಗೆ ಒಡೆದು ತೋರಿಸಿ ನ್ಯಾಯ ಕೇಳಿದ ಹೆಂಗಸು ಮಧುರೆಯನ್ನು ಸುಟ್ಟಳು. ಇಳಂಗೋ ಅಡಿಗಳ ‘ಶಿಲಪ್ಪದಿಕಾರ’ದ ಪ್ರಕಾರ ಅನಂತರ ಅವಳು ವೈಗೈ ನದಿಯ ದಡ ಹಿಡಿದು ಪಶ್ಚಿಮಕ್ಕೆ ನಡೆದು ಒಂದು ಬೆಟ್ಟ ಹತ್ತಿದಳು. ಹದಿನಾಲ್ಕು ದಿನಗಳ ಮೇಲೆ, ಬೇಂಗೆ ಮರದ ಕೆಳಗೆ ನಿಂತಿದ್ದ ಅವಳನ್ನು ಕೋವಲನು ದೇವವಿಮಾನದಲ್ಲಿ ಬಂದು ಕರೆದೊಯ್ದ. ಬೆಟ್ಟದ ಜನ ಇದನ್ನು ಕಣ್ಣಾರೆ ಕಂಡು ಚೇರ ರಾಜ ಶೆಂಗುಟ್ಟುವನಿಗೆ ಹೇಳಿದರು. ಅವನು ಹಿಮಾಲಯದಿಂದ ಕಲ್ಲು ತರಿಸಿ ಅವಳಿಗೆ ಗುಡಿ ಕಟ್ಟಿಸಿದ. ಆ ಗುಡಿಯೇ ಇದು ಎಂಬುದು ಇಲ್ಲಿಯವರ ನಂಬಿಕೆ. ಕರುನಾಡರ ಹೆಸರು ಬರುವ ಕಾವ್ಯವೂ ಅದೇ ಎಂಬುದನ್ನು ನಮ್ಮ ಮಕ್ಕಳು ನೆನಪಿಡಬೇಕು. ಸಮುದ್ರದಾಚೆ ಸಿಂಹಳದವರೂ ಇವಳನ್ನು ಪತ್ತಿನಿ ದೇವಿಯೆಂದು ಇಂದಿಗೂ ಪೂಜಿಸುತ್ತಾರೆ.

ಗುಡಿ ಇರುವುದು ಪೆರಿಯಾರ್ ಹುಲಿ ರಕ್ಷಿತಾರಣ್ಯದೊಳಗೆ, ಎರಡು ರಾಜ್ಯಗಳ ಗಡಿಯಲ್ಲಿ. ಇದು ತಮ್ಮದೆಂದು ಎರಡು ರಾಜ್ಯದವರೂ ಹೇಳುತ್ತಾರೆ. ಆ ವ್ಯಾಜ್ಯದಲ್ಲಿ ನಾವು ತಲೆ ಹಾಕುವುದು ಬೇಡ. ಯಾತ್ರಿಕರಿಗೆ ವರ್ಷದಲ್ಲಿ ಒಂದೇ ದಿನ ಬಾಗಿಲು ತೆರೆಯುತ್ತದೆ: ಚಿತ್ರಾ ಪೌರ್ಣಮಿಯಂದು, ಎಂದರೆ ತಮಿಳರ ಚಿತ್ತಿರೈ ತಿಂಗಳ ಹುಣ್ಣಿಮೆಯಂದು. ಹಬ್ಬಕ್ಕೆ ಮುಂಚೆ ತೇನಿ ಮತ್ತು ಇಡುಕ್ಕಿ ಜಿಲ್ಲೆಗಳ ಅಧಿಕಾರಿಗಳು ಒಟ್ಟಿಗೆ ಕುಳಿತು ವ್ಯವಸ್ಥೆ ಗೊತ್ತುಮಾಡುತ್ತಾರೆ. ಅಂದು ಅಲ್ಲಿ ಎರಡೂ ಕಡೆಯ ಪೊಲೀಸರು, ಎರಡೂ ಕಡೆಯ ಅರ್ಚಕರು. ನೀರಿಗಾಗಿ ನ್ಯಾಯಾಲಯದಲ್ಲಿ ಜಗಳವಾಡುವ ಎರಡು ರಾಜ್ಯಗಳು ಒಂದು ಹೆಂಗಸಿನ ಗುಡಿಗಾಗಿ ವರ್ಷಕ್ಕೊಮ್ಮೆಯಾದರೂ ಒಂದೇ ಮೇಜಿನ ಮುಂದೆ ಕೂರುವುದು ಸಣ್ಣ ಸಂಗತಿಯೇನಲ್ಲ.

ಮೇಲೆ ಹೋಗಲು ಎರಡು ಮುಖ್ಯ ದಾರಿ. ಕುಮಳಿಯಿಂದ ಕಾಡಿನೊಳಗೆ ಹದಿಮೂರು ಹದಿನಾಲ್ಕು ಕಿಲೋಮೀಟರಿನ ಜೀಪಿನ ಹಾದಿ. ಇನ್ನೊಂದು, ಲೋಯರ್ ಕ್ಯಾಂಪಿನ ಬಳಿಯ ಪಳಿಯನ್‌ಕುಡಿಯಿಂದ ಏರುವ 6.6 ಕಿಲೋಮೀಟರಿನ ಕಾಲುದಾರಿ. ಪಳಿಯನ್‌ಕುಡಿ ಎಂದರೆ ಪಳಿಯರೆಂಬ ಗಿರಿಜನರ ಹಾಡಿ. ನಾನು 1998ರಲ್ಲಿ ಗೆಳೆಯನ ಜೊತೆ ಮೊದಲ ಸಲ ಹತ್ತಿದ್ದು ಈ ಕಾಲುದಾರಿಯನ್ನು. ಮತ್ತೆ ಅವನ ಜೊತೆಯಲ್ಲೇ ಹತ್ತಿದ್ದು 2025ರ ಮೇ 12ರಂದು. ನಮ್ಮ ಪಂಚಾಂಗದಲ್ಲಿ ಅಂದು ಬುದ್ಧಪೂರ್ಣಿಮೆ.

ಮೊದಲ ಸಲ ಅವನ ತಾಯಿಯೂ ಬಂದಿದ್ದರು. ಆಗ ಅವರಿಗೆ ಐವತ್ತಮೂರು ವರ್ಷ. ತಲೆಯ ಮೇಲೆ ಪುಳಿಯೋಗರೆಯ ಗಂಟು, ಕೈಯಲ್ಲಿ ದೇವಿಗೆಂದು ಬಳೆ, ಅರಿಸಿನ, ಕುಂಕುಮ, ಬರಿಗಾಲು. ಚಪ್ಪಲಿ ಹಾಕಿದ್ದ ನಾವಿಬ್ಬರೂ ಅವರಿಗಿಂತ ಹಿಂದೆ. ನಿಂತಾಗಲೆಲ್ಲ “ಕೂತುಕೊಬೇಡ್ರೋ, ಕೂತರೆ ಕಾಲು ಕೇಳಲ್ಲ” ಎಂದು ಗದರಿಸುತ್ತಿದ್ದರು. ಎರಡನೆಯ ಸಲ ನಾವಿಬ್ಬರೇ. ಗೆಳೆಯನಿಗೆ ಮಂಡಿನೋವು, ನನಗೆ ರಕ್ತದೊತ್ತಡ. ಬೆಳಗಿನ ಆರು ಗಂಟೆಗೆ ಬಿಟ್ಟವರು ಗುಡಿಯ ಮುಂದೆ ನಿಂತಾಗ ಹತ್ತಾಗುತ್ತ ಬಂದಿತ್ತು.

ದಾರಿ ಮೊದಲು ಕುರುಚಲು ಕಾಡಿನಲ್ಲಿ ನೆಟ್ಟಗೆ ಏರುತ್ತದೆ. ಬೇಸಗೆಯ ಕೊನೆಯಾದ್ದರಿಂದ ಮರಗಳಲ್ಲಿ ಎಲೆ ಕಡಿಮೆ, ನೆಲವೆಲ್ಲ ಕಾದ ಕಲ್ಲು. ಮಳೆನೀರು ಹರಿದ ಕಡೆ ದಾರಿ ಎದೆಯೆತ್ತರಕ್ಕೆ ಕೊರೆದುಹೋಗಿ, ಬೇರುಗಳನ್ನು ಹಿಡಿದು ಏರಬೇಕಾಯಿತು. 1998ರಲ್ಲಿ ಅಲ್ಲಿ ಕಲ್ಲು ಜೋಡಿಸಿದ್ದ ಗುರುತು ನನಗೆ ನೆನಪಿದೆ. ಈಗ ಆ ಕಲ್ಲುಗಳು ಕೆಳಗೆ ಕೊರಕಲಿನಲ್ಲಿ ಬಿದ್ದಿದ್ದವು. ಪ್ಲಾಸ್ಟಿಕ್ ಬಾಟಲಿಯನ್ನು ಕೆಳಗೇ ತಪಾಸಣೆ ಮಾಡಿ ತೆಗೆದಿಟ್ಟುಕೊಳ್ಳುತ್ತಾರೆ. ಇದು ಹಿಂದೆ ಇರಲಿಲ್ಲ, ಒಳ್ಳೆಯ ಕೆಲಸ. ಮಕ್ಕಳನ್ನು ಹೆಗಲ ಮೇಲೆ ಹೊತ್ತ ತಂದೆಯರು, ಸೊಂಟಕ್ಕೆ ಸೆರಗು ಬಿಗಿದ ಅಜ್ಜಿಯರು, ಕಾಲೇಜು ಹುಡುಗರು, ಎಲ್ಲರೂ ಒಬ್ಬರ ಹಿಂದೆ ಒಬ್ಬರು. ಇಕ್ಕಟ್ಟಿನ ಜಾಗದಲ್ಲಿ ಏರುವವರಿಗೆ ಇಳಿಯುವವರು ದಾರಿ ಬಿಟ್ಟು ನಿಲ್ಲುತ್ತಾರೆ. ಯಾರೂ ಬರೆದ ನಿಯಮವಲ್ಲ. ಪರಿಚಯವಿಲ್ಲದವರು ಕೈ ನೀಡಿ ಎಳೆದುಕೊಳ್ಳುತ್ತಾರೆ. ನನ್ನ ಕೈ ಹಿಡಿದೆಳೆದ ಹುಡುಗಿಗೆ ಹದಿನಾಲ್ಕು ವರ್ಷವಿರಬಹುದು. ನಮ್ಮ ಒಂಬತ್ತನೆಯ ತರಗತಿಯ ವಯಸ್ಸು. ಅವಳು ಬಸ್ಸಿನ ಮಾತೆತ್ತಲಿಲ್ಲ.

ಕಾಡು ಮುಗಿದ ಮೇಲೆ ಹುಲ್ಲುಗಾವಲು. ಅಲ್ಲಿಂದ ಬೆಟ್ಟದ ಬೆನ್ನಿನ ಮೇಲೆ ನಡಿಗೆ. ಭೂಗೋಳದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಕರಿಹಲಗೆ ಇರಲಾರದು. ಎಡಗಡೆ ಕೆಳಗೆ ಕಂಬಂ ಕಣಿವೆ ಹಸಿರು ಜಮಖಾನದ ಹಾಗೆ ಬಿಚ್ಚಿಕೊಂಡಿದೆ. ಬಲಗಡೆ ಪೆರಿಯಾರಿನ ಕಾಡು, ಮಡಿಕೆಯ ಮೇಲೆ ಮಡಿಕೆ. ಎಡಕ್ಕೆ ಬಿದ್ದ ಮಳೆಹನಿ ವೈಗೈ ಕಡೆಗೆ, ಪೂರ್ವಕ್ಕೆ. ಬಲಕ್ಕೆ ಬಿದ್ದದ್ದು ಪೆರಿಯಾರಿಗೆ, ಅರಬ್ಬೀ ಸಮುದ್ರಕ್ಕೆ. ಆ ಬಲಗಡೆಯ ನೀರನ್ನು ಎಡಗಡೆಗೆ ತಿರುಗಿಸಿದ ಸಾಹಸವೇ ಮುಲ್ಲಪೆರಿಯಾರ್ ಅಣೆಕಟ್ಟು. 1886ರ ಅಕ್ಟೋಬರಿನಲ್ಲಿ ತಿರುವಾಂಕೂರಿನ ಮಹಾರಾಜರಿಗೂ ಬ್ರಿಟಿಷ್ ಸರ್ಕಾರಕ್ಕೂ 999 ವರ್ಷಗಳ ಗುತ್ತಿಗೆಯಾಯಿತು. ಎಂಜಿನಿಯರ್ ಪೆನ್ನಿಕ್ವಿಕ್ ಕಟ್ಟಿಸಿದ ಅಣೆ 1895ರಲ್ಲಿ ಮುಗಿಯಿತು. ಬೆಟ್ಟದೊಳಗೆ ಸುಮಾರು ಒಂದು ಮೈಲಿಯ ಸುರಂಗ ಕೊರೆದು ನೀರನ್ನು ಈ ಕಡೆ ತಂದರು. ಇಂದು ಅದೇ ನೀರು ಲೋಯರ್ ಕ್ಯಾಂಪಿನಲ್ಲಿ ವಿದ್ಯುತ್ತು ಮಾಡಿ, ಆಮೇಲೆ ಗದ್ದೆಗೆ ಹರಿಯುತ್ತದೆ. ಕಣಿವೆಯ ಮನೆಗಳಲ್ಲಿ ದೇವರ ಪಟಗಳ ಸಾಲಿನಲ್ಲಿ ಪೆನ್ನಿಕ್ವಿಕ್ಕನ ಪಟವಿರುತ್ತದೆ. ಮಕ್ಕಳಿಗೆ ಅವನ ಹೆಸರಿಟ್ಟವರೂ ಇದ್ದಾರೆ. ಇದನ್ನೆಲ್ಲ ಪುಸ್ತಕದಲ್ಲಿ ಓದಿ ಪಾಠ ಹೇಳಿದವನು ನಾನು. ಆದರೆ ‘ನೀರ್ವಿಭಜಕ’ ಎಂಬ ಶಬ್ದ ನನಗೆ ಕಣ್ಣಿಗೆ ಕಂಡ ವಸ್ತುವಾದದ್ದು ಆ ಬೆನ್ನಿನ ಮೇಲೆ ಎರಡು ಕಡೆ ಕಾಲಿಟ್ಟು ನಿಂತಾಗ. ಜೀಪಿನಲ್ಲಿ ಕಿಟಕಿಯ ಕಡೆ ಮುಖಮಾಡಿ ಕುಳಿತವನಿಗೆ ಒಂದು ಪಕ್ಕ ಮಾತ್ರ ಕಾಣುತ್ತದೆ.

ಗೂಡಲೂರಿನ ಕಡೆಯವರ ಬಹುದಿನದ ಬೇಡಿಕೆಯೊಂದಿದೆ: ಪಳಿಯನ್‌ಕುಡಿಯಿಂದ ಗುಡಿಯವರೆಗೆ ವಾಹನ ಹೋಗುವ ರಸ್ತೆಯಾಗಬೇಕು. ಗೆಳೆಯನೂ ಅದರ ಪರವಾಗಿದ್ದಾನೆ. ಇಬ್ಬರೂ ಹುಲ್ಲಿನ ಮೇಲೆ ಕುಳಿತು ಗಂಟು ಬಿಚ್ಚಿದಾಗ ಈ ವಾದ ಶುರುವಾದದ್ದು, ಇಳಿದು ಮನೆ ಸೇರುವವರೆಗೂ ಮುಗಿಯಲಿಲ್ಲ. ಅವನ ಪಕ್ಷವನ್ನು ಮೊದಲು ಹೇಳುವುದು ನ್ಯಾಯ.

“ನಮ್ಮೂರ ತಲೆಯ ಮೇಲೆ ಕಾಣುವ ಗುಡಿ. ನಮ್ಮಮ್ಮ ಐವತ್ತು ವರ್ಷ ನಡೆದು ಬಂದಳು. ಈಗ ಎಂಬತ್ತಾಯಿತು. ಈ ವರ್ಷ ನೀನೇ ನೋಡಿದೆಯಲ್ಲ, ಕುಮಳಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿ ಸಾಲಿನಲ್ಲಿ ನಿಂತು, ಜೀಪು ಹತ್ತಿ, ಸೊಂಟ ಮುರಿದುಕೊಂಡು ಬರಬೇಕು. ನಮ್ಮ ಬಾಗಿಲ ಮುಂದಿನ ದೇವರಿಗೆ ಪಕ್ಕದ ರಾಜ್ಯವನ್ನು ಸುತ್ತಿಕೊಂಡು ಹೋಗಬೇಕೇ? ನೀನು ಬೆಂಗಳೂರಿನವನು, ನಿನಗೆ ಕಾಡು ಚೆಂದ. ವರ್ಷಕ್ಕೊಂದು ಸಲ ಬಂದು ಚೆಂದ ನೋಡಿ ಹೋಗುತ್ತೀಯ.”

ಕೊನೆಯ ಮಾತು ನಾಟಿತು. ಊರವರ ಕಷ್ಟವನ್ನು ಹೊರಗಿನವರು ‘ಸೌಂದರ್ಯ’ ಎಂದು ಕರೆಯುವುದುಂಟು. ಆದ್ದರಿಂದ ಸೌಂದರ್ಯದ ಮಾತನ್ನು ಬಿಟ್ಟು ನಾನು ಲೆಕ್ಕದ ಮಾತಿಗೆ ಬಂದೆ. ಎಂಟನೆಯ ತರಗತಿಯವರೂ ಮಾಡಬಹುದಾದ ಲೆಕ್ಕ. ಕಣಿವೆಯ ನೆಲಕ್ಕೂ ಗುಡಿಗೂ ನಡುವೆ ಅಂದಾಜು 900 ಮೀಟರು ಎತ್ತರ ಎಂದಿಟ್ಟುಕೊಳ್ಳಿ. ಕಾಲುದಾರಿ 6,600 ಮೀಟರಿನಲ್ಲಿ ಇದನ್ನು ಏರುತ್ತದೆ. ಏಳು ಹೆಜ್ಜೆ ಮುಂದಕ್ಕೆ ಹೋದರೆ ಒಂದು ಹೆಜ್ಜೆಯಷ್ಟು ಮೇಲಕ್ಕೆ. ಮನುಷ್ಯ, ದನ ಇದನ್ನು ಏರಬಲ್ಲರು, ಬಸ್ಸು ಏರಲಾರದು. ಬಸ್ಸಿಗೆ ಘಾಟಿ ರಸ್ತೆಯಲ್ಲಿ ಇಪ್ಪತ್ತು ಮೀಟರಿಗೆ ಒಂದು ಮೀಟರಿನ ಏರು ಹಿತ. ಹಾಗಾದರೆ 900 ಮೀಟರು ಏರಲು ಎಷ್ಟು ಉದ್ದದ ರಸ್ತೆ ಬೇಕು? ಹದಿನೆಂಟು ಕಿಲೋಮೀಟರು. ಆರೂವರೆ ಕಿಲೋಮೀಟರಿನ ದಾರಿಯನ್ನು ಅಗಲ ಮಾಡಿದರೆ ಮುಗಿಯಿತು ಎಂದುಕೊಂಡವರು ಈ ಲೆಕ್ಕ ಮಾಡಿಲ್ಲ. ಆ ಕಡಿದಾದ ಮೈಮೇಲೆ ಹದಿನೆಂಟು ಕಿಲೋಮೀಟರನ್ನು ತಿರುವಿನ ಮೇಲೆ ತಿರುವು ಹಾಕಿ ಸುತ್ತಬೇಕು. ಪ್ರತಿ ತಿರುವಿನಲ್ಲೂ ಮೇಲುಗಡೆ ಬೆಟ್ಟವನ್ನು ಕಡಿಯಬೇಕು, ಕಡಿದ ಮಣ್ಣನ್ನು ಕೆಳಗಡೆ ಸುರಿಯಬೇಕು. ಸುರಿದ ಮಣ್ಣು ಮಳೆಗಾಲದಲ್ಲಿ ಎಲ್ಲಿ ಇಳಿಯುತ್ತದೆ? ಗೂಡಲೂರಿನವರ ಹೊಲಕ್ಕೆ, ಹಳ್ಳಕ್ಕೆ.

ಗೆಳೆಯ ಲೆಕ್ಕವನ್ನು ಎರಡು ಸಲ ಕೈಬೆರಳಿನಲ್ಲಿ ಎಣಿಸಿ ನೋಡಿದ. “ಎಂಜಿನಿಯರುಗಳು ಏನಾದರೂ ಮಾಡುತ್ತಾರೆ” ಎಂದ.

ಎಂಜಿನಿಯರುಗಳು ಮಾಡುತ್ತಾರೆ, ಬೆಟ್ಟವೂ ತನ್ನ ಕೆಲಸ ಮಾಡುತ್ತದೆ. ನಮ್ಮ ಮೈಸೂರಿನ ಚಾಮುಂಡಿ ಬೆಟ್ಟವನ್ನೇ ನೋಡಿ. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಮಾಡಿಸಿದ ಸಾವಿರ ಮೆಟ್ಟಿಲುಗಳನ್ನು ಜನ ಇಂದಿಗೂ ಹತ್ತುತ್ತಿದ್ದಾರೆ. ಆದರೆ 2021ರ ಮಳೆಯಲ್ಲಿ ನಂದಿಯ ಕಡೆಗೆ ಹೋಗುವ ಡಾಂಬರು ರಸ್ತೆ ಕುಸಿದು ಜಾರಿತು. ಕೊಡಚಾದ್ರಿಯ ಎತ್ತರ 1,343 ಮೀಟರು, ಕಣ್ಣಗಿಯ ಬೆಟ್ಟಕ್ಕೆ ಹೆಚ್ಚುಕಡಿಮೆ ಸಮ. ಅಲ್ಲಿ ಜೀಪುಗಳು ಏರುವ ಹಾದಿಯನ್ನು ನೋಡಿದವರು ಅದನ್ನು ದಾರಿಯೆನ್ನುವುದಿಲ್ಲ, ಉತ್ತ ಹೊಲ ಎನ್ನುತ್ತಾರೆ.

ಇದಕ್ಕಿಂತ ದಾರುಣವಾದದ್ದು ಇದೇ ಪೆರಿಯಾರ್ ಕಾಡಿನ ಪುಲ್‌ಮೇಡಿನ ಸಂಗತಿ. ಶಬರಿಮಲೆಯ ಮಕರಜ್ಯೋತಿ ನೋಡಲು ಜನ ಸೇರುವ ಹುಲ್ಲುಬೆಟ್ಟ ಅದು. 2011ರ ಜನವರಿ 14ರ ರಾತ್ರಿ ಅಲ್ಲಿಂದ ಹಿಂದಿರುಗುತ್ತಿದ್ದ ಯಾತ್ರಿಕರಲ್ಲಿ ನೂಕುನುಗ್ಗಲಾಗಿ ನೂರಕ್ಕೂ ಹೆಚ್ಚು ಮಂದಿ ತುಳಿತಕ್ಕೆ ಸಿಕ್ಕಿ ಸತ್ತರು. ಅವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಜನ ನಡೆಯುವ ಇಕ್ಕಟ್ಟಿನ ಕಾಡುದಾರಿಯಲ್ಲಿ, ಕತ್ತಲಲ್ಲಿ, ಜೀಪುಗಳೂ ಇದ್ದವು. ಈ ಪತ್ರಿಕೆಯನ್ನು ಓದುವ ಪೋಷಕರಲ್ಲಿ ಮಾಲೆ ಹಾಕಿ ಶಬರಿಮಲೆಗೆ ಹೋದವರು ಅನೇಕರಿದ್ದೀರಿ. ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಕಣ್ಣಗಿಯ ಬೆಟ್ಟದಲ್ಲಿ ಮಧ್ಯಾಹ್ನದ ಮೇಲೆ ಹೊಸಬರನ್ನು ಮೇಲಕ್ಕೆ ಬಿಡದೆ, ಕತ್ತಲಾಗುವ ಮುನ್ನ ಎಲ್ಲರನ್ನೂ ಇಳಿಸಿಬಿಡುವ ನಿಯಮ ಎಷ್ಟು ವಿವೇಕದ್ದೆಂದು ಇದರಿಂದ ತಿಳಿಯುತ್ತದೆ. ರಸ್ತೆಯಾದರೆ ಈ ನಿಯಮ ಎಷ್ಟು ವರ್ಷ ಉಳಿದೀತು? ಇಂದು ಒಂದು ದಿನ, ನಾಳೆ ಪ್ರತಿ ಹುಣ್ಣಿಮೆ, ನಾಡಿದ್ದು ಪ್ರತಿ ಭಾನುವಾರ. ಹಿಂದೆಯೇ ಅಂಗಡಿ, ಹಿಂದೆಯೇ ತಂಗುವ ಮನೆ. ರಸ್ತೆ ಎಲ್ಲಿಯೂ ಒಂಟಿಯಾಗಿ ಬಂದದ್ದಿಲ್ಲ.

ಹಾಗೆಂದು ನಡೆದು ಹೋಗುವವರೆಲ್ಲ ಪುಣ್ಯವಂತರು, ವಾಹನದವರೆಲ್ಲ ಪಾಪಿಗಳು ಎಂದು ನಾನು ಹೇಳಲಾರೆ. ನಡಿಗೆಗೂ ಕಟ್ಟುಪಾಡು ಬೇಕು. ಅದೇ ತೇನಿ ಜಿಲ್ಲೆಯಲ್ಲಿ, ಬೋಡಿನಾಯಕನೂರಿನ ಬಳಿಯ ಕುರಂಗಣಿಯಲ್ಲಿ, 2018ರ ಮಾರ್ಚ್ 11ರಂದು ಚಾರಣಕ್ಕೆ ಬಂದಿದ್ದ ಯುವಕ ಯುವತಿಯರು ಬೆಟ್ಟ ಇಳಿಯುವಾಗ ಕಾಳ್ಗಿಚ್ಚಿನಲ್ಲಿ ಸಿಕ್ಕಿಬಿದ್ದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಒಣಗಿ ನಿಂತ ಹುಲ್ಲು, ಗಾಳಿ, ಕಡಿದಾದ ಇಳಿಜಾರು: ಬೆಂಕಿ ಮೇಲ್ಮುಖವಾಗಿ ಮನುಷ್ಯ ಓಡುವುದಕ್ಕಿಂತ ವೇಗವಾಗಿ ಏರುತ್ತದೆ. ಅದಾದ ಮೇಲೆ ತಮಿಳುನಾಡಿನಲ್ಲಿ ಚಾರಣಕ್ಕೆ ನಿಯಮಾವಳಿ ಬಂದಿತು. 2024ರಲ್ಲಿ ಅಲ್ಲಿನ ಸರ್ಕಾರ ನಲವತ್ತು ದಾರಿಗಳನ್ನು ಗುರುತಿಸಿ, ಮೊದಲೇ ಹೆಸರು ನೋಂದಾಯಿಸಿ ಮಾರ್ಗದರ್ಶಕರೊಂದಿಗೆ ಹೋಗುವ ಏರ್ಪಾಡು ಮಾಡಿತು. ನಮ್ಮಲ್ಲೂ 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಜಾತ್ರೆಯಂತೆ ನುಗ್ಗಿದ ಮೇಲೆ ಸರ್ಕಾರ ಕಡಿವಾಣ ಹಾಕಬೇಕಾಯಿತು. ಆದ್ದರಿಂದ ಪ್ರೌಢಶಾಲೆಯ ಹುಡುಗರು ಈ ಲೇಖನವನ್ನು ತೋರಿಸಿ, ಹೇಳದೆ ಕೇಳದೆ ಗೆಳೆಯರೊಂದಿಗೆ ಬೆಟ್ಟಕ್ಕೆ ಹೊರಟರೆ ಅದಕ್ಕೆ ನಾನು ಹೊಣೆಯಲ್ಲ. ಮಾರ್ಚ್, ಏಪ್ರಿಲ್ ತಿಂಗಳಲ್ಲಂತೂ ಹುಲ್ಲುಬೆಟ್ಟದ ಸಹವಾಸವೇ ಬೇಡ.

ಇನ್ನೊಂದು ಸಂಗತಿಯನ್ನು ನಾನು ಗೆಳೆಯನಿಗೆ ನೆನಪಿಸಿದೆ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅವನ ಮನೆಯ ದನಗಳದೇ ಕಥೆ. ಮಲೆಯಲ್ಲಿ ದನ ಮೇಯಿಸುವುದನ್ನು 2022ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟು ನಿರ್ಬಂಧಿಸಿತು. ಮೊದಲು ಎಲ್ಲ ಕಾಡುಗಳಿಗೂ ಅನ್ವಯವಾಗಿದ್ದ ಆಜ್ಞೆಯನ್ನು ಆಮೇಲೆ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ರಕ್ಷಿತಾರಣ್ಯಗಳಿಗೆ ಸೀಮಿತಗೊಳಿಸಿತು. ಕಾಡಿನ ಹಿತಕ್ಕೆಂದು ತಲೆಮಾರುಗಳ ಕಸುಬಿಗೆ ಅಡ್ಡಿಯಾಯಿತು. ದನದ ಗೊರಸಿಗೆ ಜಾಗವಿಲ್ಲದ ಕಾಡಿನಲ್ಲಿ ಬುಲ್‌ಡೋಜರಿಗೆ ಜಾಗ ಕೇಳುವುದು ಹೇಗೆ? ಗೆಳೆಯ ಬಹಳ ಹೊತ್ತು ಉತ್ತರ ಕೊಡಲಿಲ್ಲ. ಆಮೇಲೆ, “ದನಕ್ಕೂ ಬಿಡಲಿ, ಅಮ್ಮನಿಗೂ ಬಿಡಲಿ” ಎಂದ. ಇದು ವಾದವಲ್ಲ ಎಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ.

ಏಕೆಂದರೆ ಎಂಬತ್ತು ವರ್ಷದ ತಾಯಿ ನಿಜ. ಅವರನ್ನು ಕೆಳಗೆ ಬಿಟ್ಟು, ಕಾಡು ಉಳಿಯಿತೆಂದು ಸಂತೋಷಪಡುವ ವಾದ ನನಗೂ ಬೇಡ. ಆದರೆ ರಸ್ತೆ ಅಥವಾ ಏನೂ ಇಲ್ಲ ಎಂಬ ಎರಡೇ ದಾರಿ ಇರುವಂತೆ ಎಲ್ಲರೂ ಮಾತಾಡುತ್ತಾರಲ್ಲ, ಅದು ಸರಿಯಲ್ಲ. ನಡುವೆ ಒಂದು ದಾರಿಯಿದೆ: ಕಾಲುದಾರಿಯನ್ನು ಕಾಲುದಾರಿಯಾಗಿಯೇ ಚೆನ್ನಾಗಿ ಇಟ್ಟುಕೊಳ್ಳುವುದು. ಕಾಲುದಾರಿ ತಾನಾಗಿ ಉಳಿಯುವ ವಸ್ತುವಲ್ಲ. ವರ್ಷಕ್ಕೊಂದು ದಿನ ಸಾವಿರಾರು ಜನ ತುಳಿದು, ಉಳಿದ ದಿನ ಮಳೆಗೆ ಬಿಟ್ಟರೆ ಅದು ದಾರಿಯಾಗಿ ಉಳಿಯದೆ ಹಳ್ಳವಾಗುತ್ತದೆ. ನೀರು ದಾರಿಯುದ್ದಕ್ಕೂ ಹರಿಯದಂತೆ ಅಲ್ಲಲ್ಲಿ ಅಡ್ಡಗಲ್ಲು ಇಟ್ಟು ಪಕ್ಕಕ್ಕೆ ತಿರುಗಿಸಬೇಕು. ಕೊರಕಲಿನ ಕಡೆ ಆ ಬೆಟ್ಟದ್ದೇ ಕಲ್ಲಿನಿಂದ ಮೆಟ್ಟಿಲು ಕಟ್ಟಬೇಕು. ಹಬ್ಬದ ದಿನ ಕುಡಿಯುವ ನೀರು, ನೆರಳಿನ ಚಪ್ಪರ, ಕುಳಿತುಕೊಳ್ಳಲು ಕಟ್ಟೆ, ಔಷಧದ ಪೆಟ್ಟಿಗೆ ಇರಬೇಕು. ವೃದ್ಧರಿಗೆ ಡೋಲಿ. ಶಬರಿಮಲೆಯಲ್ಲಿ ಪಂಪೆಯಿಂದ ಸನ್ನಿಧಾನಕ್ಕೆ ನಡೆಯಲಾರದವರನ್ನು ಡೋಲಿಯಲ್ಲಿ ಹೊತ್ತುಕೊಂಡು ಹೋಗುವುದನ್ನು ನೀವು ನೋಡಿದ್ದೀರಿ. ಹೊರುವವರಿಗೆ ನ್ಯಾಯವಾದ ಕೂಲಿ ಗೊತ್ತುಮಾಡಿ, ಎಂಬತ್ತು ದಾಟಿದವರಿಗೆ ಸರ್ಕಾರವೇ ಆ ಕೂಲಿ ಕೊಡಲಿ. ಹದಿನೆಂಟು ಕಿಲೋಮೀಟರು ರಸ್ತೆಯ ಮುಂದೆ ಆ ಖರ್ಚು ಯಾವ ಲೆಕ್ಕ? ದಾರಿಯ ಕೆಲಸವನ್ನು ದಾರಿ ಬಲ್ಲ ಪಳಿಯರಿಗೇ ಕೊಡಬೇಕು. ಗುತ್ತಿಗೆದಾರನ ಕಣ್ಣಿಗೆ ಬಂಡೆಯಾಗಿ ಕಾಣುವುದು ಅವರ ಕಣ್ಣಿಗೆ ನೀರಿನ ಗುರುತಾಗಿರುತ್ತದೆ.

ನಮ್ಮ ಶಾಲೆಯ ಪ್ರವಾಸದ ಬಗ್ಗೆಯೂ ಒಂದು ಸಲಹೆ ಕೊಡುತ್ತೇನೆ. ಮೂರು ದಿನದಲ್ಲಿ ಹನ್ನೆರಡು ಸ್ಥಳ ತೋರಿಸುವ ಬಸ್ಸಿನ ಪ್ರವಾಸದಲ್ಲಿ ಒಂದು ದಿನವನ್ನಾದರೂ ಕಾಲಿಗೆ ಕೊಡಬೇಕು. ಅರಣ್ಯ ಇಲಾಖೆಯ ಅಪ್ಪಣೆ ಪಡೆದು, ಮಳೆ ನಿಂತ ಮೇಲೆ ನವೆಂಬರ್ ಡಿಸೆಂಬರಿನಲ್ಲಿ, ಮೂವತ್ತು ಮಕ್ಕಳಿಗೆ ಮೀರದಂತೆ ಒಂದು ಬೆಟ್ಟ. ದೂರದ ಬೆಟ್ಟವೇ ಆಗಬೇಕಿಲ್ಲ. ಪೋಷಕರಲ್ಲಿ ನಡೆಯಬಲ್ಲವರು ಜೊತೆಗೆ ಬರಲಿ. ಅಜ್ಜಿಯರು ಬಂದರೆ ಇನ್ನೂ ಉತ್ತಮ, ಮಕ್ಕಳು ಕುಳಿತುಕೊಳ್ಳದಂತೆ ಗದರಿಸಲು ಅವರೇ ಸರಿ.

ಆ ದಿನ ಸಂಜೆ ನಾವು ಇಳಿದು ಗೂಡಲೂರಿನ ಮನೆ ಸೇರಿದಾಗ ಗೆಳೆಯನ ತಾಯಿ ಜೀಪಿನಿಂದ ಬಂದು ಆಗಲೇ ಸ್ನಾನ ಮುಗಿಸಿ, ಜಗಲಿಯ ಮೇಲೆ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ರಸ್ತೆ ಬೇಕೇ ಬೇಡವೇ ಎಂದು ನಾವಿಬ್ಬರೂ ಅವರನ್ನೇ ಪಂಚರನ್ನಾಗಿ ಮಾಡಿ ಕೇಳಿದೆವು. ಅವರು ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಜೀಪಿನ ಧೂಳನ್ನು ಬಯ್ದರು, ಡ್ರೈವರ್ ಹುಡುಗ ಒಳ್ಳೆಯವನೆಂದರು. ಡೋಲಿಯ ಮಾತೆತ್ತಿದ್ದಕ್ಕೆ, ನಾಲ್ಕು ಜನ ಹೊರುವ ಕಾಲ ತನಗಿನ್ನೂ ಬಂದಿಲ್ಲ ಎಂದು ನಕ್ಕರು. ಗೆಳೆಯ ನನ್ನ ಮುಖ ನೋಡಿ ಗೆದ್ದವನಂತೆ ಹುಬ್ಬು ಹಾರಿಸಿದ. ಆಮೇಲೆ ಅವರು ಕೇಳಿದ್ದು ದಾರಿಯ ವಿಷಯ: ಮೊದಲ ಏರು ಮುಗಿದಲ್ಲಿ ಕಲ್ಲು ಜೋಡಿಸಿದ ಜಾಗ ಹಾಗೆಯೇ ಇದೆಯೇ, ಹುಲ್ಲು ಶುರುವಾಗುವ ಕಡೆ ಆ ಒಂಟಿ ಮರ ಇದೆಯೇ, ಅದರ ಕೆಳಗೆ ನೆರಳು ಎಷ್ಟಿತ್ತು. ಕಲ್ಲು ಜಾರಿ ಹೋಗಿದೆ ಎಂದೆ. ಮರ ಇದೆ, ನೆರಳಿನಲ್ಲಿ ಹತ್ತು ಹನ್ನೆರಡು ಜನ ಕುಳಿತಿದ್ದರು ಎಂದು ಗೆಳೆಯ ಹೇಳಿದ. ಕಲ್ಲು ಮತ್ತೆ ಜೋಡಿಸಲು ಎಷ್ಟು ಆಳು ಬೇಕಾದೀತು ಎಂದು ಅವರು ಮಗನನ್ನು ಕೇಳಿದರು. ಎಂಟು ಆಳು, ಮೂರು ದಿನ ಎಂದು ಅವನೆಂದ. ಐದು ಆಳು ಸಾಕು ಎಂದು ಅವರು.